ಹಿತ್ತಲಿನ ಮೇಪಲ್ ಒಲೆ: ಉರಿಯನ್ನು ಪಾತ್ರೆಗೆ ತಾಗಿಸಿದ ಬಗೆ

ಮೇಪಲ್ ಮರದ ರಸವನ್ನು ಕುದಿಸಿ ಗಟ್ಟಿಮಾಡಿದ ಸಿಹಿ ಪಾಕವೇ ಮೇಪಲ್ ಸಿರಪ್. ಅದನ್ನು ಮಾಡುವುದೆಂದರೆ ಮುಖ್ಯವಾಗಿ ನೀರನ್ನು ಆವಿ ಮಾಡಿ ಕಳಿಸುವ ಕೆಲಸ. ಶುಗರ್ ಮೇಪಲ್ ಮರದ ರಸದಲ್ಲಿ ಸಕ್ಕರೆ ಇರುವುದು ಸುಮಾರು ಶೇ. 2, ಸಿರಪ್ಪಿನಲ್ಲಿ ಶೇ. 66. ನಾನಿರುವ ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಇದಕ್ಕೊಂದು ಬಾಯಿಲೆಕ್ಕವಿದೆ. ರಸದ ಸಕ್ಕರೆ ಪ್ರಮಾಣದಿಂದ 86ನ್ನು ಭಾಗಿಸಿದರೆ ಒಂದು ಲೀಟರ್ ಸಿರಪ್ಪಿಗೆ ಎಷ್ಟು ಲೀಟರ್ ರಸ ಬೇಕೆಂದು ಗೊತ್ತಾಗುತ್ತದೆ. ಶೇ. 2 ಆದರೆ 43 ಲೀಟರ್. ನಾನು ಶಿರಸಿ ಕಡೆಯವನು, ಆಲೆಮನೆಯ ಕೊಪ್ಪರಿಗೆ ನೋಡಿ ಬೆಳೆದವನು. ಕಬ್ಬಿನ ಹಾಲಿನಲ್ಲಿ ಸಕ್ಕರೆ ಇದರ ಎಷ್ಟೋ ಪಟ್ಟು ಇರುತ್ತದೆ, ಉರುವಲಿಗೆ ಕಬ್ಬಿನ ಸಿಪ್ಪೆಯೂ ಅಲ್ಲೇ ಸಿಗುತ್ತದೆ. ಇಲ್ಲಿ ಹಾಗಲ್ಲ. ಸೌದೆಯ ರಾಶಿ ಕರಗಿದರೂ ಪಾತ್ರೆಯ ಮಟ್ಟ ಇಳಿಯುವುದೇ ಇಲ್ಲ.

ನನ್ನ ಒಲೆ ಹಿತ್ತಲಿನಲ್ಲಿ ಕಾಂಕ್ರೀಟ್ ಬ್ಲಾಕ್ ಜೋಡಿಸಿ ಕಟ್ಟಿದ್ದು. ಮೇಲೆ ಹೋಟೆಲ್ ಬಫೆಯಲ್ಲಿ ಬಳಸುವ ಸ್ಟೀಲ್ ಟ್ರೇ ಮೂರು, ಹಿಂದೆ ಚಿಮಣಿ. ಮೊದಲ ವರ್ಷ ಗಂಟೆಗೆ ಸುಮಾರು 10 ಲೀಟರ್ ನೀರು ಹೋಗುತ್ತಿತ್ತು. ಸೊನ್ನೆ ಡಿಗ್ರಿ ಹತ್ತಿರವಿರುವ ಒಂದು ಲೀಟರ್ ರಸ ಪೂರ್ತಿ ಆವಿಯಾಗಲು ಸುಮಾರು 2,680 ಕಿಲೋಜೂಲ್ ಶಾಖ ಬೇಕು. ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆಯಲ್ಲಿ 15,000 ಕಿಲೋಜೂಲ್ ಆಸುಪಾಸು ಇರುತ್ತದೆ. ಲೆಕ್ಕಕ್ಕೆ ಕಿಲೋ ಸೌದೆಗೆ ಐದು ಲೀಟರಿಗೂ ಹೆಚ್ಚು ಆವಿಯಾಗಬೇಕು. ನನ್ನಲ್ಲಿ ಒಂದು ಲೀಟರೂ ಆಗುತ್ತಿರಲಿಲ್ಲ. ಉಳಿದದ್ದೆಲ್ಲ ಚಿಮಣಿಗೂ ಬ್ಲಾಕುಗಳಿಗೂ ಹೋಗುತ್ತಿತ್ತು. ಹಾಗಾಗಿ ಹೆಚ್ಚು ಸೌದೆ ತುರುಕುವುದು ಪರಿಹಾರವಲ್ಲ, ಉರಿ ಪಾತ್ರೆಯ ತಳವನ್ನು ಸವರಿಕೊಂಡು ಹೋಗುವಂತೆ ಮಾಡಬೇಕು ಎಂದು ತೀರ್ಮಾನಿಸಿದೆ.

ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಒಲೆಯೊಳಗಿನ ಇಳಿಜಾರು. ಮೊದಲ ಟ್ರೇಯ ಕೆಳಗೆ ಮಾತ್ರ ಬೆಂಕಿಗೂಡು ಬಿಟ್ಟು, ಅದರ ಹಿಂದೆ ನೆಲವನ್ನು ಓರೆಯಾಗಿ ಎತ್ತರಿಸುತ್ತಾ ಹೋದೆ. ಕೊನೆಯ ಎರಡು ಟ್ರೇಗಳ ತಳಕ್ಕೂ ಈ ನೆಲಕ್ಕೂ ಒಂದೂವರೆ ಇಂಚಿನಷ್ಟೇ ಸಂದು. ಒಳಗೆ ಪರ್ಲೈಟ್ (ಶಾಖ ತಡೆಯುವ ಹಗುರ ಖನಿಜದ ಹರಳು) ತುಂಬಿ ಮೇಲೆ ಉರಿ ತಾಳುವ ಬೆಂಕಿ ಇಟ್ಟಿಗೆ ಹಾಸಿದೆ. ಮರಳು ತುಂಬುವವರಿದ್ದಾರೆ, ಆದರೆ ಮರಳು ಶಾಖವನ್ನು ತಾನೇ ಕುಡಿಯುತ್ತದೆ. ಸಂದು ತೀರಾ ಕಿರಿದಾದರೆ ಗಾಳಿ ಎಳೆಯದೆ ಹೊಗೆ ಬಾಗಿಲ ಕಡೆಗೇ ತಿರುಗುತ್ತದೆ. ಆದ್ದರಿಂದ ಇಟ್ಟಿಗೆ ಸರಿಸಿ ಸರಿಸಿ ಹದ ನೋಡಬೇಕು. ಇದಾದ ಮೇಲೆ ಹಿಂದಿನ ಟ್ರೇಗಳೂ ಕುದಿಯಲು ಶುರುವಾದವು. ಅಲ್ಲಿಯವರೆಗೆ ಅವು ಬರೀ ಬಿಸಿಯಾಗುತ್ತಿದ್ದವು. ಬೆಂಕಿಗೂಡಿನ ಗೋಡೆಗೆ ಶಾಖ ತಡೆಯುವ ಸೆರಾಮಿಕ್ ನಾರಿನ ಹೊದಿಕೆ, ಅದರ ಮುಂದೆ ಇಟ್ಟಿಗೆ ಕೊಟ್ಟೆ. ಕಾಂಕ್ರೀಟ್ ಬ್ಲಾಕ್ ನೇರ ಉರಿಗೆ ಬಿರಿಯುತ್ತದೆ, ಅದಕ್ಕೂ ಇದು ರಕ್ಷಣೆ.

ಟ್ರೇ ಮತ್ತು ಬ್ಲಾಕಿನ ನಡುವಿನ ಬಿರುಕುಗಳನ್ನೂ ಅದೇ ಹೊದಿಕೆಯ ತುಂಡಿನಿಂದ ಮುಚ್ಚಿದೆ. ಗಾಳಿ ಬರಬೇಕಾದದ್ದು ಸೌದೆ ಇಡುವ ಕಂಬಿಗಳ ಕೆಳಗಿನಿಂದ, ಸೌದೆಯ ನಡುವೆ ಹಾದು. ಬೇರೆಲ್ಲಿಂದ ನುಗ್ಗಿದರೂ ಅದು ಉರಿಯನ್ನು ತಣಿಸುವ ಗಾಳಿಯೇ.

ಸೌದೆಯ ವಿಷಯದಲ್ಲಿ ನನಗೆ ರಾಜಿಯಿಲ್ಲ. ಹಿಂದಿನ ವರ್ಷ ಸೀಳಿ, ಬೇಸಗೆಯಲ್ಲಿ ಮುಚ್ಚಿಗೆಯಡಿ ಒಣಗಿಸಿದ್ದೇ ಆಗಬೇಕು. ಹಸಿ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ರಸದ ನೀರು ಓಡಿಸುವ ಮೊದಲು ಆ ನೀರನ್ನು ಓಡಿಸಬೇಕಾಗುತ್ತದೆ. ಮಣಿಕಟ್ಟಿನ ದಪ್ಪಕ್ಕೆ ಸೀಳಿ, ಎಂಟು-ಹತ್ತು ನಿಮಿಷಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ಹಾಕಿ ಥಟ್ಟನೆ ಬಾಗಿಲು ಮುಚ್ಚುತ್ತೇನೆ. ದಪ್ಪ ಕೊರಡು ಹಾಕಿ ಕೂತರೆ ಕುದಿ ಏರುತ್ತದೆ, ಇಳಿಯುತ್ತದೆ.

ತಣ್ಣನೆಯ ರಸವನ್ನು ಒಂದೇ ಸಲ ಸುರಿದರೂ ಕುದಿ ಸಾಯುತ್ತದೆ. ಹಿಂದಿನ ಟ್ರೇಯ ಮೇಲೆ ಒಂದು ಪಾತ್ರೆಯಿಟ್ಟು, ಅದರಲ್ಲಿ ಬಿಸಿಯಾದ ರಸ ನಲ್ಲಿಯಿಂದ ಸಣ್ಣ ಎಳೆಯಾಗಿ ಬೀಳುವಂತೆ ಮಾಡಿದ್ದೇನೆ. ಇದರಿಂದ ಪವಾಡ ನಿರೀಕ್ಷಿಸಬಾರದು. ಸೊನ್ನೆಯಿಂದ ನೂರು ಡಿಗ್ರಿಗೆ ಏರಿಸಲು ಬೇಕಾದ ಶಾಖ ಒಟ್ಟಿನ ಆರನೇ ಒಂದು ಭಾಗದಷ್ಟೇ. ಆದರೆ ಕುದಿ ನಿಲ್ಲುವುದಿಲ್ಲ, ಅದೇ ಲಾಭ. ಟ್ರೇಯಲ್ಲಿ ರಸದ ಆಳ ಒಂದೂವರೆ ಇಂಚು ಇಡುತ್ತೇನೆ. ಒಂದು ಇಂಚಿಗಿಂತ ಇಳಿದರೆ ಸೀಯುವ ಭಯ. ನೊರೆ ಉಕ್ಕಿದರೆ ಬೆಣ್ಣೆಯ ಒಂದು ಚೂರು ಸಾಕು.

ಇಷ್ಟೆಲ್ಲ ಆದ ಮೇಲೆ ಗಂಟೆಗೆ 17-18 ಲೀಟರ್ ಹೋಗುತ್ತಿದೆ, ಸೌದೆಯೂ ಕಡಿಮೆ ಸಾಕು. ಒಲೆಗೆ ಬರುವ ಮೊದಲೇ ನೀರು ತೆಗೆಯುವ ದಾರಿಗಳೂ ಇವೆ. ಮಾರ್ಚ್ ರಾತ್ರಿಗಳಲ್ಲಿ ಬಕೆಟ್ಟಿನ ರಸದ ಮೇಲೆ ಹೆಪ್ಪುಗಟ್ಟುವ ಮಂಜುಗಡ್ಡೆಯಲ್ಲಿ ಸಕ್ಕರೆ ತೀರಾ ಕಡಿಮೆ. ಅದನ್ನು ಎತ್ತಿ ಎಸೆಯುತ್ತೇನೆ. 18ನೇ ಶತಮಾನದಲ್ಲೇ ಓಹಾಯೊ ಸೀಮೆಯ ಮೂಲನಿವಾಸಿಗಳು ಇದನ್ನು ಮಾಡುತ್ತಿದ್ದರು. ಒತ್ತಡ ಹಾಕಿ ಸೋಸಿ ನೀರನ್ನು ಬೇರ್ಪಡಿಸುವ ಆರ್‌ಓ ಯಂತ್ರದಲ್ಲಿ ಶೇ. 2ರ ರಸವನ್ನು ಶೇ. 4ಕ್ಕೆ ಏರಿಸಿದರೆ ಕುದಿಸುವ ನೀರು ಅರ್ಧಕ್ಕರ್ಧ ಇಳಿಯುತ್ತದೆ. ಹಾಗೆ ಗಟ್ಟಿಯಾದ ರಸ ಬೇಗ ಕೆಡುತ್ತದೆ, ಅದೇ ದಿನ ಕುದಿಸಬೇಕು. ಆದರೆ ಯಂತ್ರ ಕೊಳ್ಳುವ ಮೊದಲು ಒಲೆ ಸರಿಮಾಡಿ ಎನ್ನುತ್ತೇನೆ.

ಕೊನೆಯ ಪಾಕವನ್ನು ಮಾತ್ರ ಗ್ಯಾಸ್ ಒಲೆಗೆ ಒಯ್ಯುತ್ತೇನೆ. ಅಂದಿನ ನೀರಿನ ಕುದಿಬಿಂದು ನೋಡಿಕೊಂಡು, ಅದಕ್ಕಿಂತ ಸುಮಾರು 4 ಡಿಗ್ರಿ ಸೆಲ್ಸಿಯಸ್ ಮೇಲೇರಿದಾಗ ಇಳಿಸುತ್ತೇನೆ. ಟ್ರೇಯ ತಳದಲ್ಲಿ ಕೂರುವ ಖನಿಜದ ಗಷ್ಟು ಶಾಖವನ್ನು ತಡೆಯುತ್ತದೆ. ಪ್ರತಿ ಸಲ ಕುದಿಸಿದ ಮೇಲೂ ವಿನೆಗರ್ ಹಾಕಿ ನೆನೆಸಿ ತೊಳೆದಿಡುತ್ತೇನೆ.