ಆಫೀಸಿನಿಂದ ಹೊರಗಿನ ಸರ್ವರ್ ಸಿಗುತ್ತಿಲ್ಲವೇ? ಪಿಂಗ್ ನಂಬಬೇಡಿ

ಕಂಪನಿ ನೆಟ್‌ವರ್ಕ್‌ನಿಂದ ಕ್ಲೌಡ್ ಸರ್ವರ್‌ಗೆ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರ್‌ಗೆ ಸುರಕ್ಷಿತವಾಗಿ ಲಾಗಿನ್) ಆಗದಿದ್ದರೆ ಹಲವರು ಸರ್ವರ್ ಉತ್ತರಿಸುತ್ತದೆಯೇ ಎಂದು ಪಿಂಗ್ ಕಮಾಂಡ್ ಹಾಕಿ, ಉತ್ತರ ಬರಲಿಲ್ಲವೆಂದು ಚೆನ್ನಾಗಿಯೇ ಓಡುತ್ತಿರುವ ಸರ್ವರನ್ನು ರೀಸ್ಟಾರ್ಟ್ ಮಾಡಿಬಿಡುತ್ತಾರೆ. ಪಿಂಗ್ ಬಳಸುವ ಐಸಿಎಂಪಿ ಎಂಬ ಬಗೆಯ ಸಂದೇಶಗಳನ್ನು ಎಷ್ಟೋ ಫೈರ್‌ವಾಲ್‌ಗಳು ತಡೆದೇ ಇರುತ್ತವೆ.

ಮೊದಲು ಎನ್‌ಎಸ್‌ಲುಕಪ್ ಕಮಾಂಡ್ ಹಾಕಿ, ಸರ್ವರ್ ಹೆಸರಿಗೆ ಸರಿಯಾದ ಐಪಿ ಬರುತ್ತಿದೆಯೇ ನೋಡಿ. ಬೇರೆ ಐಪಿ ಬಂದರೆ ಅದು ಹೆಸರನ್ನು ಐಪಿಗೆ ಬದಲಿಸುವ ಡಿಎನ್‌ಎಸ್ ತಂಟೆ.

ಆಮೇಲೆ ಎಸ್‌ಎಸ್‌ಎಚ್ ಸಾಮಾನ್ಯವಾಗಿ ಬಳಸುವ ಬಾಗಿಲು, ಪೋರ್ಟ್ 22. ಪವರ್‌ಶೆಲ್‌ನ ಟೆಸ್ಟ್-ನೆಟ್‌ಕನೆಕ್ಷನ್ ಬರೀ 'ಫಾಲ್ಸ್' ಎನ್ನುತ್ತದೆ, ಕಾರಣ ಹೇಳುವುದಿಲ್ಲ. ಎಸ್‌ಎಸ್‌ಎಚ್ ಕಮಾಂಡನ್ನೇ 'ಮೈನಸ್ ವಿ' (-v, ಪ್ರತಿ ಹಂತವನ್ನೂ ತೋರಿಸುವ ಆಯ್ಕೆ) ಸೇರಿಸಿ ಓಡಿಸಿ, ಕೊನೆಯ ಸಾಲು ಓದಿ. 'ಕನೆಕ್ಷನ್ ರೆಫ್ಯೂಸ್ಡ್' ಎಂದಿದ್ದರೆ ಸಾಮಾನ್ಯವಾಗಿ ಪ್ಯಾಕೆಟ್ ಸರ್ವರ್ ತನಕ ಹೋಗಿದೆ; ಅಲ್ಲಿ ಎಸ್‌ಎಸ್‌ಎಚ್ ಸೇವೆ ನಿಂತಿದೆ, ಇಲ್ಲವೇ ಪೋರ್ಟ್ ಬದಲಾಗಿದೆ. 'ಟೈಮ್ಡ್ ಔಟ್' ಎಂದರೆ ದಾರಿಯಲ್ಲೆಲ್ಲೋ ಫೈರ್‌ವಾಲ್ ಪ್ಯಾಕೆಟನ್ನು ಸದ್ದಿಲ್ಲದೆ ನುಂಗಿದೆ ಎಂಬ ಅನುಮಾನ ಬಲವಾಗುತ್ತದೆ.

ನುಂಗಿದ್ದು ಯಾರು? ಗಿಟ್‌ಹಬ್‌ನ ಪೋರ್ಟ್ 22ಕ್ಕೆ ಅದೇ ಮೇಜಿನಿಂದ ಪ್ರಯತ್ನಿಸಿ. ಅದೂ ಟೈಮ್ ಔಟ್ ಆದರೆ ಆಫೀಸಿನ ಫೈರ್‌ವಾಲೇ 22ನ್ನು ಮುಚ್ಚಿರುವ ಸಾಧ್ಯತೆ ಹೆಚ್ಚು. ಅಲ್ಲಿಂದ ಉತ್ತರ ಬಂದರೆ ಕ್ಲೌಡ್‌ನ ಸೆಕ್ಯುರಿಟಿ ಗ್ರೂಪ್ (ಸರ್ವರ್‌ಗೆ ಯಾವ ಐಪಿಗಳು ಬರಬಹುದೆಂಬ ಪಟ್ಟಿ) ತೆರೆದು ನೋಡಿ. ಎಲ್ಲರೂ ಎಡವುವುದು ಇಲ್ಲೇ: ಐಪಿಕಾನ್ಫಿಗ್ ತೋರಿಸಿದ 192.168 ಅಥವಾ 10ರಿಂದ ಶುರುವಾಗುವ ವಿಳಾಸವನ್ನು ಅನುಮತಿ ಪಟ್ಟಿಗೆ ಹಾಕುತ್ತಾರೆ. ಅದು ಆಫೀಸಿನ ಒಳಗಷ್ಟೇ ನಡೆಯುವ ವಿಳಾಸ. ಒಳಗಿನ ವಿಳಾಸವನ್ನು ಹೊರಗಿನದಕ್ಕೆ ಬದಲಿಸುವ ನ್ಯಾಟ್ ದಾಟಿದ ಮೇಲೆ ಸರ್ವರ್‌ಗೆ ಕಾಣುವುದು ಕಂಪನಿಯ ಪಬ್ಲಿಕ್ ಐಪಿ. ಬ್ರೌಸರ್‌ನಲ್ಲಿ 'ನನ್ನ ಐಪಿ ಏನು' ಎಂದು ನೋಡಿದರೂ ಸಾಲದು, ಬ್ರೌಸರ್ ಪ್ರಾಕ್ಸಿ (ನಡುವಿನ ಸರ್ವರ್) ಮೂಲಕ ಹೋಗುತ್ತಿದ್ದರೆ ಬೇರೆಯದೇ ವಿಳಾಸ ಕಾಣಬಹುದು. ನೆಟ್‌ವರ್ಕ್ ತಂಡವನ್ನೇ ಕೇಳಿ. ಎರಡು ಇಂಟರ್ನೆಟ್ ಲೈನ್ ಇದ್ದರೆ ಎರಡರ ಐಪಿಯನ್ನೂ ಸೇರಿಸಿ. ಬೆಳಿಗ್ಗೆ ಸಿಕ್ಕಿ ಮಧ್ಯಾಹ್ನ ಸಿಗದ ಸರ್ವರ್‌ಗಳ ಗುಟ್ಟು ಹಲವು ಸಲ ಇದೇ. ಬೇಸತ್ತು 0.0.0.0/0 ಹಾಕಿ ಲೋಕಕ್ಕೆಲ್ಲ ಬಾಗಿಲು ತೆರೆಯಬೇಡಿ.

ಕನೆಕ್ಟ್ ಆಗಿ, ಕೀ ವಿನಿಮಯದ ಸಾಲಿನಲ್ಲಿ ನಿಂತುಬಿಟ್ಟರೆ, ಅದರಲ್ಲೂ ವಿಪಿಎನ್ ಇದ್ದಾಗ, ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, ಬೈಟ್‌ಗಳಲ್ಲಿ) ಮೇಲೆ ಅನುಮಾನಪಡಿ. 1500 ಇರುವುದನ್ನು 1300ಕ್ಕೆ ಇಳಿಸಿ ನೋಡಿ.

ಉಚಿತ ವಿಪಿಎನ್, ಪುಕ್ಕಟೆ ರಿಮೋಟ್ ಆ್ಯಪ್ ಹಾಕಿ ಫೈರ್‌ವಾಲ್ ಹಾರುವ ಉಪಾಯ ಬೇಡವೇ ಬೇಡ; ಕೆಲಸಕ್ಕೇ ಕುತ್ತು. ಟಿಕೆಟ್ ಹಾಕಿ. 'ಸರ್ವರ್ ಬರ್ತಿಲ್ಲ' ಎಂದಷ್ಟೇ ಬರೆದರೆ ಅದು ಸಾಲಿನಲ್ಲಿ ಕೊಳೆಯುತ್ತದೆ. ನಿಮ್ಮ ಐಪಿ, ಸರ್ವರ್‌ನ ಐಪಿ, ಟಿಸಿಪಿ 22, ಪ್ರಯತ್ನಿಸಿದ ಸಮಯ, ಬಂದ ಸಂದೇಶ ಇಷ್ಟನ್ನೂ ಬರೆಯಿರಿ. ಫೈರ್‌ವಾಲ್ ಲಾಗ್‌ನಲ್ಲಿ ಅವರು ಹುಡುಕುವುದು ಇವನ್ನೇ.