ಟಿಕೆಟ್‌ನಲ್ಲಿ ಎಂಟು ಗಂಟೆ, ಆಕಾಶದಲ್ಲಿ ಐದೂವರೆ

ಡೊಂಬಿವಲಿಯ ನಮ್ಮ ಅತ್ತೆ, ತಮ್ಮ ಮಗಳ ಮನೆಗೆಂದು ಸಿಂಗಪುರಕ್ಕೆ ಹೊರಟಿದ್ದರು. ಟಿಕೆಟ್ ಹಿಡಿದು ಬೆರಳು ಮಡಚಿ ಎಣಿಸಿದರು. ರಾತ್ರಿ 11.35ಕ್ಕೆ ಮುಂಬೈ ಬಿಡುತ್ತೆ, ಬೆಳಿಗ್ಗೆ 7.35ಕ್ಕೆ ಅಲ್ಲಿ. "ಎಂಟು ಗಂಟೆ ಕೂತ್ರೆ ನನ್ನ ಮಂಡಿ ಏನಾಗ್ಬೇಕೋ?" ಐದೂವರೆ ಅಷ್ಟೇ ಅತ್ತೆ ಅಂದರೆ ನಂಬಲಿಲ್ಲ. ಅವರಿಗೆ ತೋರಿಸಿದ ಲೆಕ್ಕ ಇದು.

ಮೊದಲು ಗಡಿಯಾರ. ಟಿಕೆಟ್‌ನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ತಲುಪುವ ಸಮಯ ತಲುಪುವ ಊರಿನದು. ಸಿಂಗಪುರ ನಮಗಿಂತ ಎರಡೂವರೆ ಗಂಟೆ ಮುಂದಿದೆ. ಹೋಗುವಾಗ ಎಂಟರಲ್ಲಿ ಎರಡೂವರೆ ಕಳೆಯಿರಿ, ಬರುವಾಗ ಕೂಡಿಸಿ. ವಾಪಸ್ ಟಿಕೆಟ್ ನೋಡಿದರೆ ಮೂರೇ ಗಂಟೆಯಲ್ಲಿ ಬಂದುಬಿಡುವ ಹಾಗೆ ಕಾಣುತ್ತೆ, ಅದೂ ಸುಳ್ಳೇ. (ಅಂದಹಾಗೆ, ಸಿಂಗಪುರದಲ್ಲಿ ವರ್ಷವಿಡೀ ಸೂರ್ಯ ಹುಟ್ಟುವುದೇ ಏಳು ಗಂಟೆಯ ಆಸುಪಾಸಿಗೆ. 7.35 ಅಂದರೆ ಅಲ್ಲಿ ಆಗಷ್ಟೇ ಬೆಳಗಾಗಿರುತ್ತೆ.)

ಇನ್ನು ದೂರ. ಗೋಡೆಯ ನಕ್ಷೆ ಮೇಲೆ ಸ್ಕೇಲ್ ಇಡಬೇಡಿ, ದುಂಡಗಿನ ಭೂಮಿಯನ್ನು ಚಪ್ಪಟೆ ಮಾಡಿದ್ದರಿಂದ ಅಳತೆ ಹಿಗ್ಗಿರುತ್ತೆ. ಮಕ್ಕಳ ಗ್ಲೋಬ್ ತನ್ನಿ. ನಮ್ಮ ಮನೆಯದು ಹನ್ನೆರಡು ಇಂಚಿನದು. ಅತ್ತೆಯ ಹೊಲಿಗೆ ಡಬ್ಬಿಯಿಂದ ದಾರ ತೆಗೆದು ನಡುವಿಗೆ, ಅಂದರೆ ಸಮಭಾಜಕದ ಸುತ್ತ ಹಿಡಿದೆವು: 96 ಸೆಂಟಿಮೀಟರ್. ಭೂಮಿಯ ಸುತ್ತಳತೆ ಹತ್ತಿರ ಹತ್ತಿರ 40,000 ಕಿಲೋಮೀಟರ್, ಹಾಗಾಗಿ ಒಂದು ಸೆಂಟಿಮೀಟರ್‌ಗೆ 417 ಕಿಲೋಮೀಟರ್. ಆಮೇಲೆ ಮುಂಬೈ ಮೇಲೆ ಒಂದು ತುದಿ ಒತ್ತಿ ಹಿಡಿದು, ಇನ್ನೊಂದನ್ನು ಸಿಂಗಪುರದವರೆಗೆ ಬಿಗಿಯಾಗಿ ಎಳೆದರೆ 9.4 ಸೆಂಟಿಮೀಟರ್ ಬಂತು. ಗುಣಿಸಿ ನೋಡಿ, 3,900 ಚಿಲ್ಲರೆ. ದಾರ ಸಡಿಲ ಬಿಟ್ಟರೆ ಮಾತ್ರ ನೂರಿನ್ನೂರು ಕಿಲೋಮೀಟರ್ ಸುಮ್ನೆ ಜಾಸ್ತಿಯಾಗುತ್ತೆ.

ಈ ದೂರವನ್ನು 850ರಿಂದ ಭಾಗಿಸಿ. ದೊಡ್ಡ ಜೆಟ್ ವಿಮಾನ ಮೇಲೆ ಹೋದಮೇಲೆ ಗಂಟೆಗೆ ಹೆಚ್ಚುಕಡಿಮೆ ಅಷ್ಟು ಓಡುತ್ತೆ. ನಾಲ್ಕೂವರೆ ಗಂಟೆಗಿಂತ ಸ್ವಲ್ಪ ಮೇಲೆ ಬರುತ್ತೆ. ಏರುವಾಗ, ಇಳಿಯುವಾಗ ಆ ವೇಗ ಇರಲ್ಲ, ಅದಕ್ಕೆ ಅರ್ಧ ಗಂಟೆ ಸೇರಿಸಿ. ನೆಲದ ಮೇಲೆ ಉರುಳುವುದಕ್ಕೆ ಇನ್ನಷ್ಟು, ಯಾಕಂದರೆ ಟಿಕೆಟ್‌ನ ಸಮಯ ಗೇಟ್ ಬಿಟ್ಟಲ್ಲಿಂದ ಆ ಕಡೆ ಗೇಟ್ ಮುಟ್ಟುವವರೆಗಿನದು. ಅಂಧೇರಿಯ ನಮ್ಮ ವಿಮಾನ ನಿಲ್ದಾಣದಲ್ಲಂತೂ ಎರಡು ರನ್‌ವೇ ಒಂದಕ್ಕೊಂದು ಅಡ್ಡ ಹಾಯುವುದರಿಂದ ಎರಡನ್ನೂ ಒಟ್ಟಿಗೆ ಬಳಸುವುದು ಕಷ್ಟ, ಸರದಿಯಲ್ಲಿ ನಿಲ್ಲಲೇಬೇಕು. ಎಲ್ಲಾ ಕೂಡಿಸಿದರೆ ಐದೂವರೆಯ ಹತ್ತಿರ ಬಂತಲ್ವಾ?

ಹೋಗಿಬರುವ ಹೊತ್ತು ಒಂದೇ ಇರಬೇಕೆಂದೇನಿಲ್ಲ. ಮುಂಬೈ–ದುಬೈ 1,930 ಕಿಲೋಮೀಟರ್ ಆಸುಪಾಸು. ಚಳಿಗಾಲದಲ್ಲಿ ಮೇಲೆ ಪಶ್ಚಿಮದಿಂದ ಬೀಸುವ ಜೋರು ಗಾಳಿ ಹೋಗುವಾಗ ಎದುರಾಗುತ್ತೆ, ಬರುವಾಗ ಹಿಂದಿನಿಂದ ತಳ್ಳುತ್ತೆ. ಹಾಗಾಗಿ ಬರುವ ಪ್ರಯಾಣ ಬೇಗ ಮುಗಿಯುತ್ತೆ.

ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಒಮ್ಮೆ ಭಾವ "ನಾಲ್ಕಕ್ಕೆ ಹೊರಡ್ತೀನಿ" ಎಂದು ಮೆಸೇಜ್ ಮಾಡಿದ್ದರು. ನಾನು ಅದನ್ನು ನಮ್ಮ ನಾಲ್ಕು ಅಂದುಕೊಂಡು, ಅದಕ್ಕೆ ಮೂರು ಗಂಟೆ ಸೇರಿಸಿ, ಬೆಳಿಗ್ಗೆ ಏಳಕ್ಕೇ ಹೋಗಿ ನಿಂತು ಮೂರು ಕಪ್ ಚಹಾ ಕುಡಿದೆ. ಕರೆಯಲು ಬರುವವರಿಗೆ ಹೊರಡುವ ಸಮಯ ಹೇಳಬೇಡಿ. ಇಳಿಯುವ ಸಮಯ ಹೇಳಿ, ಯಾವ ಊರಿನ ಟೈಮ್ ಅಂತಲೂ ಬರೆಯಿರಿ.