ಹತ್ತು ಬೊಂಬೆ, ಮೂರಡಿ ಮೇಜು

28 ಮಿ.ಮೀ. ಬೊಂಬೆಗಳಿಗೆ ಬಣ್ಣ ಹಚ್ಚಿ, ಅಳತೆ ಟೇಪು, ದಾಳ ಹಿಡಿದು ಆಡುವ ಯುದ್ಧದಾಟದ ಬಗ್ಗೆ ಫೋನಿನಲ್ಲಿ ಕಣ್ಣಾಡಿಸಿದರೆ ಸಿಗುವುದು ಮೂರೇ ದೂರು: ಬಣ್ಣ ಚೆನ್ನಾಗಿಲ್ಲ, ಈ ಪಡೆ ಗೆಲ್ಲಲ್ಲ, 3ಡಿ ಪ್ರಿಂಟ್ ಬೊಂಬೆ ಅಸಲಿಯಲ್ಲ. ತುಮಕೂರಿನಲ್ಲಿ ನಾನು ಆಡುವ ಮೇಜಿಗೆ ಈ ದೂರುಗಳು ಹೊಂದುವುದೇ ಇಲ್ಲ.

‘ಗೆಲ್ಲಲ್ಲ’ ಅನ್ನುವ ಮಾತು ಹುಟ್ಟುವುದು ಪಂದ್ಯಾವಳಿಗಳಲ್ಲಿ. ವಾರ್‌ಹ್ಯಾಮರ್ 40,000 ಎಂಬ ಇಂಥ ಆಟದಲ್ಲಿ 2,000 ಪಾಯಿಂಟಿನ (ಪ್ರತಿ ಬೊಂಬೆಯ ಬಲಕ್ಕೆ ಇಟ್ಟ ಅಂಕಗಳ ಮೊತ್ತ) ಪಡೆಗೆ 60×44 ಇಂಚಿನ ಮೇಜು ಹಾಕುತ್ತಾರೆ. ನನ್ನದು 3 ಅಡಿ ಚೌಕದ ಬಟ್ಟೆ, ಒಬ್ಬೊಬ್ಬರ ಕಡೆ 10 ಬೊಂಬೆ, 6 ಸುತ್ತು, ಎರಡು ಗಂಟೆ. ಇಷ್ಟು ಚಿಕ್ಕ ಆಟವನ್ನು ಕೆಡಿಸುವುದು ಪಡೆಯಲ್ಲ, ಬರಿದಾದ ಮೇಜು. ಮರೆಯಿಲ್ಲದಿದ್ದರೆ ದೂರದಿಂದ ಗುಂಡು ಹಾರಿಸುವವರು ಎರಡನೇ ಸುತ್ತಿಗೇ ಆಟ ಮುಗಿಸುತ್ತಾರೆ. ಹಾಗಾಗಿ 8ರಿಂದ 10 ಬಂಡೆ, ಗೋಡೆ ಇಡುತ್ತೇನೆ; 12 ಇಂಚಿಗಿಂತ ಉದ್ದದ ಬಯಲು ಎಲ್ಲೂ ಬಿಡುವುದಿಲ್ಲ. ಮಾದರಿಗೆ ದೂರ ಹೋಗಬೇಕಿಲ್ಲ, ಮಧುಗಿರಿ ಬೆಟ್ಟ ಕಣ್ಣೆದುರಿಗೇ ಇದೆ: ನುಣುಪು ಬೆನ್ನು, ಕಡಿದಾದ ಪಕ್ಕ, ನೀರು ಹರಿದ ಕಪ್ಪು ಗೆರೆ. ಥರ್ಮಾಕೋಲ್ ಕೊರೆದು, ಫೆವಿಕಾಲ್‌ನಲ್ಲಿ ಅದ್ದಿದ ಪೇಪರನ್ನು ಎರಡು ಪದರ ಅಂಟಿಸಿ, ಪೂರ್ತಿ ಒಣಗಿದ ಮೇಲೆ ಕುಂಚದಲ್ಲೇ ಬಣ್ಣ. ಬರಿ ಥರ್ಮಾಕೋಲಿಗೆ ಸ್ಪ್ರೇ ಹೊಡೆದರೆ ಅದರ ದ್ರಾವಕಕ್ಕೆ ಬಂಡೆ ಕರಗಿಹೋಗುತ್ತದೆ.

ಬೊಂಬೆಯ ಪೀಠಕ್ಕೆ ಎಂ-ಸ್ಯಾಂಡ್ ಬಳಸುತ್ತೇನೆ. ಮೊದಲು ತೊಳೆದು ಒಣಗಿಸಬೇಕು. ಇಲ್ಲವಾದರೆ ಅಂಟು ಕಲ್ಲಿನ ಪುಡಿಗೆ ಹತ್ತುತ್ತದೆ, ಕಾಳಿಗೆ ಹತ್ತುವುದಿಲ್ಲ. ಟೀ ಸೋಸುವ ಜರಡಿಯಿಂದ ಇಳಿದದ್ದು 25 ಮಿ.ಮೀ. ಪೀಠಕ್ಕೆ ಸರಿಯಾದ ದಪ್ಪ. ಎರಡು ಪಾಲು ಫೆವಿಕಾಲಿಗೆ ಒಂದು ಪಾಲು ನೀರು ಬೆರೆಸಿ ಬಳಿದು, ಮರಳಲ್ಲಿ ಅದ್ದಿ, ರಾತ್ರಿಯಿಡೀ ಒಣಗಲು ಬಿಡಿ. ಆಮೇಲೆ ಒಂದಕ್ಕೆ ಮೂರು ಪಾಲು ನೀರು ಬೆರೆಸಿದ ಅಂಟನ್ನು ಮೇಲೆ ತೊಟ್ಟಿಕ್ಕಿಸಿದರೆ ಕುಂಚಕ್ಕೆ ಕಾಳು ಎದ್ದುಬರುವುದಿಲ್ಲ. ಬಣ್ಣ ಮುಗಿದ ಮೇಲೆ ತೆಂಗಿನ ನಾರನ್ನು 6-8 ಮಿ.ಮೀ. ಕತ್ತರಿಸಿ, ಸೂಜಿಯಲ್ಲಿ ತೂತು ಮಾಡಿ ನೆಟ್ಟರೆ ಒಣಹುಲ್ಲು ಸಿದ್ಧ. ಇದಕ್ಕೂ ಫೆವಿಕಾಲೇ ಸಾಕು. ಫೆವಿಕ್ವಿಕ್ ನಾರಿಗೆ ಹೀರಿಕೊಂಡು ಬಿಳಿಚಿಕೊಳ್ಳುತ್ತದೆ.

3ಡಿ ಪ್ರಿಂಟಾದ ರೆಸಿನ್ ಬೊಂಬೆಯನ್ನು ಉಜ್ಜುವುದಾದರೆ ನೀರಲ್ಲೇ ಉಜ್ಜಿ, ಆ ಧೂಳು ಉಸಿರಿಗೆ ಹೋಗಬಾರದು. ಪ್ರಿಂಟಿಗೆ ಬೇಕಾದ ಕಂಪ್ಯೂಟರ್ ಫೈಲನ್ನು ಅದನ್ನು ರೂಪಿಸಿದವರಿಂದ ದುಡ್ಡು ಕೊಟ್ಟು ತಂದಿದ್ದರೆ ನನಗೆ ಅದು ಅಸಲಿಯೇ.

ಪ್ರೈಮರ್‌ಗೆ, ಅಂದರೆ ಬಣ್ಣಕ್ಕೂ ಮೊದಲು ಬೊಂಬೆಗೆ ಹೊಡೆಯುವ ಸ್ಪ್ರೇ ಪದರಕ್ಕೆ, ಮಾತ್ರ ಹವೆ ನೋಡಲೇಬೇಕು. ಮಳೆ ದಿನದ ತೇವಕ್ಕೆ ಬಣ್ಣದ ಮೇಲೆ ಬಿಳಿ ಮಂಜು ಕೂರುತ್ತದೆ. ಏಪ್ರಿಲ್ ಮಧ್ಯಾಹ್ನ ಹನಿ ಗಾಳಿಯಲ್ಲೇ ಒಣಗಿ ಮೈಯೆಲ್ಲ ತರಿತರಿ. ಬಿಸಿಲು ಏರುವ ಮೊದಲು, 25 ಸೆಂ.ಮೀ. ದೂರದಿಂದ, ಚಿಕ್ಕ ಚಿಕ್ಕ ಬೀಸು.

ಅಕ್ರಿಲಿಕ್ ಬಣ್ಣವನ್ನು ಹಾಲಿನಷ್ಟು ತೆಳುಮಾಡಿ ಎರಡು ಕೋಟು. ದಪ್ಪ ಬಳಿದರೆ ಮುಖದ ಕೆತ್ತನೆ ಮುಚ್ಚಿಹೋಗುತ್ತದೆ. ನೋಡುವುದು ತೋಳಳತೆ ದೂರದಿಂದ. ಫೋಟೊ ಫೋನಿನ ಪರದೆ ತುಂಬಿದರೆ ಬೊಂಬೆ ಸುಮಾರು 5 ಪಟ್ಟು ಹಿಗ್ಗುತ್ತದೆ, ಜೊತೆಗೆ ತಪ್ಪೂ ಹಿಗ್ಗುತ್ತದೆ. ಮೇಜಿನೆದುರು ಕೂತವರಿಗೆ ಅದು ಕಾಣುವುದೇ ಇಲ್ಲ.

ನಿಯಮದಲ್ಲಿ ಜಗಳ ಬಂದರೆ ದಾಳ ಹಾಕುತ್ತೇವೆ: 4 ಅಥವಾ ಹೆಚ್ಚು ಬಿದ್ದರೆ ಕೇಳಿದವರ ಅರ್ಥ, ಇಲ್ಲದಿದ್ದರೆ ಎದುರಾಳಿಯದು. ಪುಸ್ತಕ ತೆಗೆಯುವುದು ಆಟ ಮುಗಿದು ಬೊಂಬೆ ಡಬ್ಬಿಗೆ ಹೋದ ಮೇಲೆ.